ಹದಿನಾಲ್ಕು ತಲೆಮಾರಿಗಿಂತ ಮೂರು ಹೆಸರಿಗೆ ಜಾಸ್ತಿ ಅಂಕ

ಪ್ರತಿ ವರ್ಷ ಮೊದಲ ತರಗತಿಯಲ್ಲಿ ಒಂದೇ ಕೆಲಸ ಕೊಡುತ್ತೇನೆ. ನಿಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ. ಎಷ್ಟು ತಲೆಮಾರು, ಹೇಗೆ ಬರೆಯಬೇಕು, ಏನೂ ಹೇಳುವುದಿಲ್ಲ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಆ ಹಾಳೆಗಳನ್ನು ತಿರುವಿ ನೋಡುವುದೇ ಒಂದು ಖುಷಿ.

ಒಮ್ಮೆ ಒಬ್ಬ ಹುಡುಗ ಲ್ಯಾಮಿನೇಶನ್ ಮಾಡಿಸಿದ ಚಾರ್ಟ್ ತಂದಿದ್ದ. ಹದಿನಾಲ್ಕು ತಲೆಮಾರು. ಮೇಲೊಬ್ಬ ದಂಡನಾಯಕ, ಕೆಳಗೆ ಇವನು. ಹಿಂದಿನ ಬೆಂಚಿನ ಹುಡುಗಿ ಕೊಟ್ಟದ್ದು ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅದರಲ್ಲಿ ಮೂರೇ ಹೆಸರು. ಅವಳದು, ಅಮ್ಮನದು, ಅಮ್ಮನ ಅಮ್ಮನದು. ಅಜ್ಜಿಯ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದಳು: ‘ವಯಸ್ಸು ಅಜ್ಜಿಯೇ ಹೇಳಿದ್ದು. ರೇಷನ್ ಕಾರ್ಡಿನಲ್ಲಿ ಬೇರೆ ಇದೆ.’

ಅವಳಿಗೆ ಜಾಸ್ತಿ ಅಂಕ ಕೊಟ್ಟೆ. ಹುಡುಗನಿಗೆ ಸಿಟ್ಟು ಬಂತು. ಬರಲೇಬೇಕು, ಪಾಪ, ಲ್ಯಾಮಿನೇಶನ್‌ಗೆ ದುಡ್ಡು ಕೊಟ್ಟಿದ್ದ. ಅವನಿಗೆ ಎರಡೇ ಪ್ರಶ್ನೆ ಕೇಳಿದೆ. ಇದನ್ನು ಯಾರು ಬರೆದರು? ಯಾಕೆ ಬರೆದರು? ‘ನಮ್ಮ ದೊಡ್ಡಪ್ಪನ ಹತ್ತಿರ ಇತ್ತು ಸರ್’ ಎಂದ. ಇನ್ನೊಂದು ಲೆಕ್ಕವೂ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು, ಹೀಗೇ ದುಪ್ಪಟ್ಟು ಮಾಡುತ್ತಾ ಹೋದರೆ ಅವನ ಚಾರ್ಟಿನ ತುತ್ತತುದಿಯ ಸಾಲಿನಲ್ಲಿ 8192 ಪೂರ್ವಿಕರ ಜಾಗ ಇರಬೇಕು. ಅಲ್ಲಿದ್ದದ್ದು ದಂಡನಾಯಕ ಒಬ್ಬನೇ.

ಕುಟುಂಬದ ಚರಿತ್ರೆಯನ್ನು ಒಂದು ಅಧ್ಯಯನ ವಿಷಯವಾಗಿ ಕಲಿಸುವುದು ಎಂದರೆ ನನ್ನ ಮಟ್ಟಿಗೆ ಇಷ್ಟೇ. ಹೆಸರು ಕೂಡಿಸುವುದನ್ನಲ್ಲ, ಆ ಎರಡು ಪ್ರಶ್ನೆ ಕೇಳುವುದನ್ನು ಕಲಿಸಬೇಕು.

ಹೊರದೇಶಗಳಲ್ಲಿ ಇದಕ್ಕೆ ಪದವಿಯೇ ಇದೆ. ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಕೋರ್ಸ್, ಅಮೆರಿಕದ ಯೂಟಾದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಬಿ.ಎ. ಅಲ್ಲಿನ ಪಾಠಪಟ್ಟಿಯನ್ನೇ ಇಲ್ಲಿಗೆ ಇಳಿಸೋಣ ಎಂದು ಕೆಲವರು ನನಗೂ ಹೇಳಿದ್ದಾರೆ. ಆಗುವುದಿಲ್ಲ. ಅವರ ಪಾಠ ನಿಂತಿರುವುದೇ ಚರ್ಚಿನ ರಿಜಿಸ್ಟರು ಮತ್ತು ಜನಗಣತಿಯ ಮನೆಮನೆ ಹಾಳೆಗಳ ಮೇಲೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಆ ಹಾಳೆಗಳನ್ನು ಯಾರೂ ತೆಗೆದು ನೋಡುವಂತಿಲ್ಲ. ನಮ್ಮ ದಾರಿ ಬೇರೆ, ನಮ್ಮ ಕಾಗದಗಳೂ ಬೇರೆ.

ಪಾಠ ಶುರು ಮಾಡುವುದು ತಾಳಗುಂದದ ಕಂಬದಿಂದ. ಐದನೇ ಶತಮಾನದ ಆ ಶಾಸನದಲ್ಲಿ ಕದಂಬರು ಸಾಮಾನ್ಯ ವೈದಿಕ ಮನೆತನದವರು. ಮನೆ ಹತ್ತಿರ ಒಂದು ಕದಂಬ ಮರ ಇತ್ತು, ಅದರಿಂದ ಆ ಹೆಸರು. ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಜಗಳವಾಗಿ, ಕತ್ತಿ ಹಿಡಿದ. ಆರೇಳು ಶತಮಾನ ಕಳೆದ ಮೇಲೆ ಗೋವೆಯ ಕದಂಬರ ಶಾಸನ ಓದಿ. ಅಲ್ಲಿ ಮೂಲಪುರುಷ ಶಿವನ ಬೆವರ ಹನಿಯಿಂದ ಹುಟ್ಟಿದವನು! ವಂಶ ಕೆಳಗೆ ಬೆಳೆದಷ್ಟೇ ಮೇಲಕ್ಕೂ ಬೆಳೆಯುತ್ತದೆ. ರಾಜರಿಗೆ ದೇವರು ಬೇಕಿತ್ತು. ನಮ್ಮ ಹುಡುಗನ ದೊಡ್ಡಪ್ಪನಿಗೆ ದಂಡನಾಯಕ ಬೇಕಿತ್ತು.

ಅಲ್ಲಿಂದ ನೇರ ನಾಡಕಚೇರಿಗೆ ಬರುತ್ತೇನೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವವರೆಲ್ಲ ವಂಶವೃಕ್ಷ ದೃಢೀಕರಣ ಪತ್ರ ತರಬೇಕಲ್ವಾ? ಅಫಿಡವಿಟ್ಟು, ಅಕ್ಕಪಕ್ಕದವರ ಹೇಳಿಕೆ, ಮಹಜರು, ಎಲ್ಲ ಮುಗಿದು ಮೊಹರು ಬೀಳುತ್ತದೆ. ಮೊಹರು ಕಂಡರೆ ವಿದ್ಯಾರ್ಥಿಗಳು ಅದನ್ನೇ ಸತ್ಯ ಎಂದುಕೊಳ್ಳುತ್ತಾರೆ. ಆಗ ಒಂದೇ ಮನೆಯ ಎರಡು ವಂಶವೃಕ್ಷಗಳನ್ನು ಪಕ್ಕಪಕ್ಕ ಇಡಿಸುತ್ತೇನೆ. ಒಂದು ಎಂಬತ್ತರ ದಶಕದ್ದು, ಇನ್ನೊಂದು ಇತ್ತೀಚಿನದು. ಹಳೆಯದರಲ್ಲಿ ಗಂಡುಮಕ್ಕಳು ಮಾತ್ರ. ಹೊಸದರಲ್ಲಿ ಇದ್ದಕ್ಕಿದ್ದಂತೆ ನಾಲ್ವರು ಅತ್ತೆಯರು! ಅವರೇನು ನಡುವೆ ಹುಟ್ಟಿದರಾ? ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ರಾಜ್ಯದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಪಾಲು ಬಂದ ಮೇಲೆ ಹೆಸರು ಬಂತು. ಈ ಎರಡು ಹಾಳೆ ತೋರಿಸಿದ ದಿನ ತರಗತಿಯ ಹುಡುಗಿಯರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಯಾರು, ಯಾಕೆ ಎಂದು ಕೇಳುವುದಕ್ಕೆ ಕಾನೂನಿನಲ್ಲೇ ಒಂದು ಒಳ್ಳೆಯ ಸೂತ್ರ ಇದೆ. ತೀರಿಕೊಂಡವರು ಸಂಬಂಧದ ಬಗ್ಗೆ ಹೇಳಿದ ಮಾತನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪಬೇಕಾದರೆ, ಆ ಮಾತು ಜಗಳ ಹುಟ್ಟುವ ಮೊದಲೇ ಆಡಿದ್ದಾಗಿರಬೇಕು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದದ್ದು 2023ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಜಗಳ ಶುರುವಾದ ಮೇಲೆ ಯಾರಿಗೆ ಯಾರು ಅಣ್ಣ ಎಂಬುದೂ ಬದಲಾಗುತ್ತದೆ ಎಂದು ಆ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಹೆಳವರ ಪುಸ್ತಕ? ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಪಡೆದು ಹೋಗುವವರು. ಜಮೀನಿನ ಕಾಗದ ಹೇಳದ್ದನ್ನು ಇವರು ಹೇಳುತ್ತಾರೆ, ಮೂಲ ಊರು ಯಾವುದು, ಅಲ್ಲಿಂದ ಯಾಕೆ ಬಿಟ್ಟು ಬಂದರು. ನನಗೆ ಅವರ ಬಗ್ಗೆ ತುಂಬ ಗೌರವ. ಆದರೂ ಪ್ರಶ್ನೆ ಅದೇ. ಕಾಳು ಕೊಡುವ ಮನೆಯವರ ಮುಂದೆ ಹಾಡುವ ವಂಶದಲ್ಲಿ ಕಳ್ಳ ಇರುತ್ತಾನಾ? ದಾನ ಕೊಡುವಷ್ಟೂ ಇಲ್ಲದ ಮನೆಯ ಕತೆ ಎಲ್ಲಿ ಉಳಿಯಿತು?

ಇನ್ನು ತಾಂತ್ರಿಕ ತೊಡಕುಗಳು. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಮಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮಲ್ಲಪ್ಪ, ಅವನ ಮಗ ಮತ್ತೆ ಬಸಪ್ಪ. ಹಳೇ ದಾಖಲೆಯಲ್ಲಿ ‘ಮಲ್ಲಪ್ಪ ಬಿನ್ ಬಸಪ್ಪ’ ಸಿಕ್ಕರೆ ಯಾವ ಮಲ್ಲಪ್ಪ? ಬಾಯಿಂದ ಬಾಯಿಗೆ ಬರುವಾಗ ಇಬ್ಬರು ಮಲ್ಲಪ್ಪರು ಸೇರಿ ಒಬ್ಬನಾಗುತ್ತಾರೆ, ನಡುವಿನ ಎರಡು ತಲೆಮಾರು ಮಾಯ. ಆ ಒಬ್ಬ ಮಲ್ಲಪ್ಪ ನೂರಿಪ್ಪತ್ತು ವರ್ಷ ಬದುಕಿದ ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ತಲೆಮಾರಿಗೆ ಸುಮಾರು ಇಪ್ಪತ್ತೈದು ಮೂವತ್ತು ವರ್ಷ ಹಿಡಿದು ಲೆಕ್ಕ ಹಾಕಿಸಿದರೆ ಬಿರುಕು ಎಲ್ಲಿದೆ ಎಂದು ಕಾಣುತ್ತದೆ.

ದಿನಾಂಕದ ಕತೆ ಇನ್ನೂ ಮಜಾ. ಜಾತಕದಲ್ಲಿ ‘ಬಹುಧಾನ್ಯ ಸಂವತ್ಸರ’ ಎಂದಿದ್ದರೆ ಅದು 1878-79 ಇರಬಹುದು, 1938-39 ಇರಬಹುದು. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು ಅದು. ತಿಥಿ, ವಾರ ಎರಡೂ ಇದ್ದರೆ ಬಗೆಹರಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕ ನೋಡಿದರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಅದು ಹುಟ್ಟಿದ ದಿನ ಅಲ್ಲ, ಮೇಷ್ಟ್ರು ಬರೆದ ದಿನ.

ಮನೆಯಲ್ಲಿ ಅಜ್ಜಿಯನ್ನು ಮಾತಾಡಿಸಲು ಕಳಿಸಿದರೆ ಮೊದಲ ದಿನವೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅಜ್ಜಿ ಗಂಡನ ಹೆಸರನ್ನೇ ಹೇಳುವುದಿಲ್ಲ! ಉತ್ತರ ಕರ್ನಾಟಕದ ಮಕ್ಕಳಿಗೆ ನಾನು ಹೇಳುವ ಉಪಾಯ: ‘ಒಂದು ಒಡಪು ಹೇಳಜ್ಜಿ’ ಎನ್ನಿ. ಒಡಪು ಎಂದರೆ ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲು, ಅದರಲ್ಲಿ ಹೆಸರು ತಾನಾಗಿ ಬರುತ್ತದೆ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರಾ ಎಂದೂ ಕೇಳಬೇಕು, ಇಲ್ಲದಿದ್ದರೆ ಒಬ್ಬಳೇ ಅಜ್ಜಿ ಇಬ್ಬರಾಗುತ್ತಾಳೆ. ಮನೆದೇವರು ಯಾವ ಊರಿನದು ಎಂಬ ಪ್ರಶ್ನೆಯಂತೂ ತಪ್ಪಿಸಲೇಬೇಡಿ, ಮೂಲ ಊರಿನ ಸುಳಿವು ಅಲ್ಲಿ ಸಿಗಬಹುದು.

ಹೊರಗಿನ ವಿಧಾನ ನಮ್ಮ ಮನೆಗಳಿಗೆ ಹೇಗೆ ಒಗ್ಗುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ. ಯುರೋಪಿನಲ್ಲಿ 1590ರಲ್ಲೇ ಐಟ್ಸಿಂಗರ್ ಎಂಬಾತ ಪೂರ್ವಿಕರಿಗೆ ನಂಬರ್ ಕೊಡುವ ಕ್ರಮ ಬಳಸಿದ. ನೀವು 1, ಅಪ್ಪ 2, ಅಮ್ಮ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅಮ್ಮ. ಚೆಂದದ ಲೆಕ್ಕ. ನಮ್ಮಲ್ಲಿ ಅಕ್ಕನ ಮಗಳನ್ನು ಮದುವೆಯಾದ ಮನೆಗೆ ಇದನ್ನು ಹಚ್ಚಿ ನೋಡಿ. ಅಪ್ಪನ ಅಪ್ಪ 4. ಅಮ್ಮನ ಅಮ್ಮ 7, ಅವರ ಅಪ್ಪ 14. ಆ 7 ಎಂದರೆ ಅಪ್ಪನ ಅಕ್ಕನೇ. ಹಾಗಾಗಿ 4 ಮತ್ತು 14 ಒಬ್ಬರೇ! ತಾತನೇ ಮುತ್ತಾತ. ತರಗತಿಯಲ್ಲಿ ಯಾರಿಗೂ ಇದು ವಿಚಿತ್ರ ಅನಿಸುವುದಿಲ್ಲ, ‘ನಮ್ಮನೇಲೂ ಹಾಗೇ’ ಎಂದು ಮೂವರಾದರೂ ಕೈ ಎತ್ತುತ್ತಾರೆ. ಕಂಪ್ಯೂಟರಿನ ಪ್ರೋಗ್ರಾಮ್ ಮಾತ್ರ ಒಬ್ಬರನ್ನೇ ಎರಡು ಸಲ ಬರೆದು ಇಡುತ್ತದೆ.

ದಾಖಲೆ ಎಲ್ಲಿ ಹುಡುಕುವುದು ಎಂಬುದು ಊರಿನ ಮೇಲೆ ನಿಂತಿದೆ. 1956ಕ್ಕೆ ಮೊದಲು ನಾವು ಒಂದೇ ರಾಜ್ಯ ಆಗಿರಲಿಲ್ಲವಲ್ಲ. ಧಾರವಾಡದ ಕಡೆ ಹಳೇ ಕಾಗದ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿ, ಕಲಬುರಗಿ ಕಡೆ ಉರ್ದುವಿನಲ್ಲಿ.

ಆದರೆ ಜಮೀನೇ ಇಲ್ಲದವರ ಹೆಸರು ಯಾವ ಕಾಗದದಲ್ಲಿ ಇರುತ್ತದೆ? ಈ ಪ್ರಶ್ನೆಯನ್ನು ಕೇಳಿದ್ದು ಅದೇ ಮೂರು ಹೆಸರಿನ ಹುಡುಗಿ. ಪಹಣಿಯಲ್ಲಿ ಅವರ ಮನೆಯವರು ಎಲ್ಲೂ ಇರಲಿಲ್ಲ, ಅಜ್ಜಿಯ ಅಪ್ಪ ಗೇಣಿಗೆ ಮಾಡುತ್ತಿದ್ದವರು. ಹಾಗಿದ್ದರೆ ಭೂ ನ್ಯಾಯಮಂಡಳಿಯ ಕಡತ ನೋಡು ಎಂದೆ. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಎಷ್ಟೋ ಮನೆತನಗಳ ಹೆಸರು ಸರ್ಕಾರಿ ಕಾಗದಕ್ಕೆ ಮೊದಲ ಸಲ ಬಿದ್ದದ್ದೇ ಆಗ. ತೋಟಿ, ತಳವಾರಿಕೆ ಮಾಡಿದ ಮನೆಯವರಿಗೆ ಊರ ಚಾಕರಿಗೆ ಕೊಟ್ಟಿದ್ದ ಇನಾಂ ಜಮೀನಿನ ಮರುಮಂಜೂರಾತಿ ಕಡತ ಇದೇ ರೀತಿ ಉಪಯೋಗಕ್ಕೆ ಬರುತ್ತದೆ. ಮೂರು ಸಲ ತಾಲ್ಲೂಕು ಕಚೇರಿಗೆ ಅಲೆದು ಅವಳು ಒಂದು ನಕಲು ತಂದಳು. ಅದರಲ್ಲಿ ಅಜ್ಜಿಯ ಅಪ್ಪನ ಹೆಸರಿನ ಜೊತೆ ಅವರ ಅಪ್ಪನ ಹೆಸರೂ ಇತ್ತು. ವಯಸ್ಸು ಮಾತ್ರ ಅಜ್ಜಿ ಹೇಳಿದ ಲೆಕ್ಕಕ್ಕೆ ಅಲ್ಲೂ ಕೂಡಲಿಲ್ಲ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ತರಗತಿಯಲ್ಲಿ ಯಾರ ವಂಶವೃಕ್ಷವನ್ನೂ ಗಟ್ಟಿಯಾಗಿ ಓದಿಸುವುದಿಲ್ಲ. ಜಾತಿ, ದತ್ತು, ಎರಡನೇ ಮದುವೆ, ಬಿಟ್ಟುಹೋದ ಅಪ್ಪ, ಎಲ್ಲ ಆ ಹಾಳೆಯಲ್ಲಿರುತ್ತದೆ. ತನ್ನ ಮನೆಯದು ಬೇಡ ಎಂದವರಿಗೆ ಊರಿನ ವೀರಗಲ್ಲನ್ನು ಕೊಡುತ್ತೇನೆ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಖಾಯಂ. ಒಬ್ಬನೇ ವ್ಯಕ್ತಿಯ ಬಗ್ಗೆ ಮೂರು ಕಾಗದ ಕೊಡುತ್ತೇನೆ: ಶಾಲೆಯ ದಾಖಲಾತಿ, ನಾಡಕಚೇರಿಯ ವಂಶವೃಕ್ಷ, ಮಗಳು ಹೇಳಿದ ಮಾತು. ಮೂರರಲ್ಲೂ ಅಪ್ಪನ ಹೆಸರು ಬೇರೆ ಬೇರೆ. ಅಪ್ಪ ಯಾರು? ‘ಇಷ್ಟರಿಂದ ಹೇಳಲಾಗದು’ ಎಂದು ಬರೆದು, ಯಾಕೆ ಎಂದು ವಿವರಿಸಿ, ಮುಂದೆ ಯಾವ ಕಡತ ಹುಡುಕಬೇಕೆಂದು ತೋರಿಸಿದವರಿಗೆ ಹತ್ತಕ್ಕೆ ಹತ್ತು. ಲ್ಯಾಮಿನೇಶನ್ ಹುಡುಗನಿಗೆ ಒಂಬತ್ತು ಬಂತು. ಮುಂದಿನ ಕಡತದ ಹೆಸರು ಬರೆಯಲು ಮರೆತಿದ್ದ.