ಅತ್ತೆಗೊಂದು ಸ್ವೆಟರ್ ಹೆಣೆಯಬೇಕು, ನಮ್ಮ ಮಳೆಗೆ ಯಾವ ಉಲ್ಲನ್ ತರಲಿ?

ಪ್ರಶ್ನೆ: ಮದುವೆಯಾಗಿ ಮಡಿಕೇರಿ ಹತ್ತಿರದ ಹಳ್ಳಿಗೆ ಬಂದು 2 ವರ್ಷ ಆಯಿತು. ನಾನು ಬಯಲುಸೀಮೆಯವಳು. ಇಲ್ಲಿನ ಮಳೆ, ಚಳಿ ಎರಡೂ ನನಗೆ ಹೊಸದು. ಅತ್ತೆಗೆ 72 ವರ್ಷ. ಮಳೆಗಾಲ ಪೂರ್ತಿ ಮೈ ತಣ್ಣಗಾಗುತ್ತದೆ ಅನ್ನುತ್ತಾರೆ. ಅವರಿಗೆ ನನ್ನ ಕೈಯಾರೆ ಒಂದು ಸ್ವೆಟರ್ ಹೆಣೆದು ಕೊಡುವ ಆಸೆ. ಒಂದು ಅಂಗಡಿಯಲ್ಲಿ ಕ್ಯಾಶ್ಮಿಲಾನ್ ಸಾಕು ಅಂದರು. ಇನ್ನೊಂದರಲ್ಲಿ ಪ್ಯೂರ್ ವುಲ್ಲೇ ಬೇಕು ಅಂದರು. ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಯಾವುದು ತಗೊಳ್ಳಲಿ? ಮಕ್ಕಳಿಗೂ ಏನಾದರೂ ಹೆಣೆಯಬಹುದಾ?

ಉತ್ತರ: ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮೂರು ವಿಷಯ ನೋಡಿಕೊಳ್ಳಿ. ಮಳೆಗಾಲದಲ್ಲಿ ಅತ್ತೆ ಎಲ್ಲಿ ಕೂರುತ್ತಾರೆ? ಅವರ ಬಟ್ಟೆ ಯಾರು ತೊಳೆಯುತ್ತಾರೆ? ತೊಳೆದದ್ದು ಎಲ್ಲಿ ಒಣಗುತ್ತದೆ? ಕೊಡಗಿನಲ್ಲಿ ಉಲ್ಲನ್ ಯಾವುದು ಅನ್ನುವುದನ್ನು ಈ ಮೂರೇ ತೀರ್ಮಾನ ಮಾಡುತ್ತವೆ. ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಅತ್ತೆ ಸೌದೆ ಒಲೆಯ ಮುಂದೆ, ಇಲ್ಲ ಬಚ್ಚಲ ಹಂಡೆ ಒಲೆಯ ಹತ್ತಿರ ಬೆಂಕಿ ಕಾಯಿಸುತ್ತಾ ಕೂರುವವರಾದರೆ ನನ್ನ ಉತ್ತರ ಒಂದೇ: ನಿಜವಾದ ಉಣ್ಣೆ ತಗೊಳ್ಳಿ. ಕಾರಣ ಹೇಳುತ್ತೇನೆ.

ನಮ್ಮ ಅಜ್ಜಿಗೆ ನಾನು ಮೊದಲು ಹೆಣೆದು ಕೊಟ್ಟದ್ದು ಹಸಿರು ಬಣ್ಣದ ಒಂದು ಶಾಲು. ಅಕ್ರಿಲಿಕ್ ದಾರದ್ದು. ಮುಟ್ಟಿದರೆ ಬೆಣ್ಣೆಯ ಹಾಗಿತ್ತು, ಅಜ್ಜಿಗೂ ತುಂಬಾ ಇಷ್ಟ. ಒಂದು ಸಂಜೆ ಒಲೆಯಲ್ಲಿ ಹಸಿ ಸೌದೆ ಚಟಪಟ ಅಂದು ಒಂದು ಕಿಡಿ ಹಾರಿ ಶಾಲಿನ ಮೇಲೆ ಬಿತ್ತು. ಅಜ್ಜಿ ತಕ್ಷಣ ಕೈಯಲ್ಲಿ ಕೊಡವಿದರು. ಅಷ್ಟರಲ್ಲಿ ಹೆಸರುಕಾಳಿನಷ್ಟು ತೂತಾಗಿತ್ತು. ತೂತಿನ ಸುತ್ತ ದಾರ ಕರಗಿ, ಕಪ್ಪಗೆ ಗಟ್ಟಿಯಾಗಿ, ಮಣಿಯ ಹಾಗೆ ಅಂಟಿಕೊಂಡಿತ್ತು. ಬೆರಳಿಟ್ಟರೆ ಚುಚ್ಚುತ್ತಿತ್ತು. ಆ ಕರಗಿದ ಹನಿ ಅಜ್ಜಿಯ ತೆಳ್ಳನೆ ಚರ್ಮದ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಒಲೆಯ ಹತ್ತಿರ ಕೂರುವ ಯಾರಿಗೂ ನಾನು ಅಕ್ರಿಲಿಕ್ ಹೆಣೆದಿಲ್ಲ.

ಉಣ್ಣೆಗೆ ಬೆಂಕಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅದು ನಮ್ಮ ಕೂದಲು, ಉಗುರಿನ ಜಾತಿಯದೇ ವಸ್ತು. ಕಿಡಿ ಬಿದ್ದರೆ ಆ ಜಾಗ ಸುಟ್ಟು ಕರಿಕಲಾಗುತ್ತದೆ, ಕರಗಿ ಮೈಗೆ ಅಂಟುವುದಿಲ್ಲ. ಬೆಂಕಿ ದೂರ ಮಾಡಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಅಕ್ರಿಲಿಕ್ ಪೆಟ್ರೋಲಿಯಂನಿಂದ ಬರುವ ಪ್ಲಾಸ್ಟಿಕ್ ಎಳೆ. ಕರಗುತ್ತದೆ, ಉರಿಯುತ್ತದೆ, ಅಂಟುತ್ತದೆ.

ಈಗ ಕ್ಯಾಶ್ಮಿಲಾನ್ ವಿಷಯಕ್ಕೆ ಬರೋಣ. ಈ ಹೆಸರು ಕೇಳಿ ಕಾಶ್ಮೀರದ ಉಣ್ಣೆ ಅಂದುಕೊಂಡವರು ಬಹಳ ಜನ. ಅಲ್ಲ. ಅದು ಜಪಾನಿನ ಒಂದು ಕಂಪನಿ ತಯಾರಿಸುತ್ತಿದ್ದ ಅಕ್ರಿಲಿಕ್ ಎಳೆಯ ಹೆಸರು. ನಮ್ಮಲ್ಲಿ ಮೆತ್ತನೆಯ ಅಕ್ರಿಲಿಕ್ ದಾರಕ್ಕೆಲ್ಲ ಅದೇ ಹೆಸರು ನಿಂತುಬಿಟ್ಟಿದೆ. ಅದೂ ಸಾಲದು ಅಂತ, ಹೆಣೆಯುವ ದಾರ ಯಾವುದೇ ಇರಲಿ, ನಾವು ಉಲ್ಲನ್ ಅಂತಲೇ ಕರೆಯುತ್ತೇವೆ. ಹಾಗಾಗಿ ಉಂಡೆಯ ಸುತ್ತ ಇರುವ ಲೇಬಲ್ ಓದಿ. 100 ಪರ್ಸೆಂಟ್ ವುಲ್ ಅಂತ ಇದೆಯಾ, ಅಕ್ರಿಲಿಕ್ ಅಂತ ಇದೆಯಾ, ಎರಡೂ ಸೇರಿದೆಯಾ ನೋಡಿ. 1964ರಿಂದ ಬಳಕೆಯಲ್ಲಿರುವ ವುಲ್‌ಮಾರ್ಕ್ ಗುರುತು, ಅಂದರೆ ದಾರ ಸುತ್ತಿಕೊಂಡಂತಿರುವ ಕಪ್ಪು ಪಟ್ಟಿಗಳ ಚಿತ್ರ, ಇದ್ದರೆ ಇನ್ನೂ ಒಳ್ಳೆಯದು.

ಲೇಬಲ್ ಇಲ್ಲದ ಬಿಡಿ ಲಡಿಯಾದರೆ ಒಂದು ಗೇಣು ದಾರ ಕೇಳಿ ತನ್ನಿ. ಸ್ಟೀಲ್ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಪಕ್ಕದಲ್ಲಿ ನೀರಿಟ್ಟುಕೊಳ್ಳಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಗಟ್ಟಿ ಕಪ್ಪು ಮಣಿ ಉಳಿದರೆ ಅಕ್ರಿಲಿಕ್. ಮಿಶ್ರ ದಾರದಲ್ಲಿ ಎರಡೂ ಕಾಣಿಸುತ್ತದೆ.

ಉಣ್ಣೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ನಮ್ಮ ಗಾಳಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಮಳೆ, ಗೋಡೆಯ ಮೇಲೆಲ್ಲ ಥಂಡಿ. ಇಲ್ಲಿನ ಚಳಿ ಒಣ ಚಳಿಯಲ್ಲ, ಒದ್ದೆ ಚಳಿ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್‌ವರೆಗೂ ತೇವ ಹೀರಿಕೊಂಡು ಮುಟ್ಟಿದರೆ ಒದ್ದೆ ಅನ್ನಿಸದ ಹಾಗೆ ಇರುತ್ತದೆ. ತೇವ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹಿಂದೆ ಮಳೆಯಲ್ಲಿ ಗದ್ದೆ ಕೆಲಸ ಮಾಡುವವರು ಕಂಬಳಿ ಹೊದ್ದುಕೊಳ್ಳುತ್ತಿದ್ದದ್ದು ಸುಮ್ನೆ ಅಲ್ಲ. ಅಕ್ರಿಲಿಕ್ ತೇವವನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಬೆವರು ಒಳಗೇ ನಿಂತು, ಬೆಚ್ಚಗಿದ್ದರೂ ಮೈ ಅಂಟಂಟು ಅನ್ನಿಸುತ್ತದೆ. ಹತ್ತಿ ದಾರದ ಸ್ವೆಟರ್ ಅಂತೂ ನಮ್ಮ ಮಳೆಗಾಲಕ್ಕೆ ಬೇಡವೇ ಬೇಡ. ನೀರು ಕುಡಿದು ಭಾರವಾಗಿ ಜೋತು ಬೀಳುತ್ತದೆ. ಒಣಗುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ.

ಉಣ್ಣೆ ಚುಚ್ಚುತ್ತದೆ ಅನ್ನುವ ದೂರು ನಿಜ. ಎಳೆ ದಪ್ಪ ಇದ್ದಷ್ಟೂ ಚುಚ್ಚುವುದು ಜಾಸ್ತಿ. ಮೆರಿನೋ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳು. 30 ದಾಟಿದರೆ ಚರ್ಮಕ್ಕೆ ತಿಳಿಯುತ್ತದೆ. ಅಂಗಡಿಯಲ್ಲಿ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಬೇಡಿ, ನಮ್ಮ ಅಂಗೈ ಕೆಲಸ ಮಾಡಿ ಗಟ್ಟಿಯಾಗಿರುತ್ತದೆ. ಕತ್ತಿನ ಪಕ್ಕಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಸಹಿಸಿದರೆ ಎಲ್ಲೂ ಸಹಿಸುತ್ತದೆ. ಇಡೀ ಸ್ವೆಟರಿಗೆ ಮೆರಿನೋ ದುಬಾರಿಯಾದರೆ ಮೈ, ತೋಳು ಸಾಧಾರಣ ಉಣ್ಣೆಯಲ್ಲಿ ಮಾಡಿ, ಕತ್ತಿನ ಪಟ್ಟಿ ಮತ್ತು ಮುಂಗೈ ಪಟ್ಟಿಯನ್ನು ಮಾತ್ರ ಮೆರಿನೋದಲ್ಲಿ ಹೆಣೆಯಿರಿ. ಉಳಿದ ಕಡೆ ಹೇಗೂ ರವಿಕೆ, ಸೀರೆ ಅಡ್ಡ ಇರುತ್ತದೆ, ಅಲ್ವಾ?

ಇನ್ನು ತೊಳೆಯುವ ವಿಷಯ. ಇಲ್ಲಿ ಉಣ್ಣೆಗೆ ಒಂದು ದೊಡ್ಡ ಕಷ್ಟ ಇದೆ. ಉಣ್ಣೆ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಸಣ್ಣ ಪದರ ಇರುತ್ತದೆ. ಬಿಸಿ ನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕುಗ್ಗಿ ದಪ್ಪ ಗೋಣಿಯಂತಾಗುತ್ತದೆ. ಮತ್ತೆ ಅದನ್ನು ಬಿಡಿಸಲು ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲ ಬಟ್ಟೆಯೂ ಒಟ್ಟಿಗೆ ವಾಷಿಂಗ್ ಮೆಷಿನ್‌ಗೆ ಹೋಗುವುದಾದರೆ ಸೂಪರ್‌ವಾಶ್ ಅಂತ ಬರೆದಿರುವ ಉಣ್ಣೆ ತನ್ನಿ. ಆ ಪದರಗಳನ್ನು ಮೊದಲೇ ನಯ ಮಾಡಿರುತ್ತಾರೆ. ಅದು ಒದ್ದೆಯಾದಾಗ ಸ್ವಲ್ಪ ಜಗ್ಗುತ್ತದೆ, ಅಳತೆಯನ್ನು ಒಂದು ಬೆರಳು ಬಿಗಿಯಾಗಿಯೇ ಇಡಿ.

ಸಾದಾ ಉಣ್ಣೆಯಾದರೆ ತಣ್ಣೀರಿಗೆ ಸ್ವಲ್ಪ ಶಾಂಪೂ, ಇಲ್ಲ ಅಂಟುವಾಳದ ನೀರು ಸಾಕು. ಬಟ್ಟೆ ಪುಡಿ ಬೇಡ. ಹಲವು ಪುಡಿಗಳಲ್ಲಿ ಕಲೆ ತೆಗೆಯುವ ಕಿಣ್ವ ಇರುತ್ತದೆ, ಅದು ಉಣ್ಣೆಯನ್ನೇ ತಿನ್ನುತ್ತದೆ. 15 ನಿಮಿಷ ನೆನೆಸಿ, ಒತ್ತಿ ತೆಗೆಯಿರಿ. ಹಿಂಡಬೇಡಿ, ಒಗೆಯುವ ಕಲ್ಲಿಗೆ ಒಯ್ಯಲೇಬೇಡಿ. ಆಮೇಲೆ ದೊಡ್ಡ ಟವೆಲ್ ಹಾಸಿ ಅದರ ಮೇಲೆ ಸ್ವೆಟರ್ ಹರಡಿ ಚಾಪೆಯ ಹಾಗೆ ಸುತ್ತಿ. ಆ ಸುರುಳಿಯ ಮೇಲೆ ಬರಿಗಾಲಲ್ಲಿ ನಿಧಾನಕ್ಕೆ ಒಂದು ಸುತ್ತು ನಡೆಯಿರಿ. ಅರ್ಧಕ್ಕರ್ಧ ನೀರು ಟವೆಲ್‌ಗೆ ಬಂದಿರುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಮಕ್ಕಳದ್ದು, ಅವರಿಗೆ ಅದೊಂದು ಆಟ.

ಒಣಗಿಸುವುದೇ ಕೊಡಗಿನ ನಿಜವಾದ ಪರೀಕ್ಷೆ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ. ದೊಡ್ಡ ಬಿದಿರು ಬುಟ್ಟಿಯನ್ನು ಕವುಚಿ, ಮೇಲೆ ತೆಳು ಪಂಚೆ ಹಾಸಿ, ಸ್ವೆಟರನ್ನು ಅದರ ಆಕಾರಕ್ಕೆ ಹರಡಿ. ಒಲೆಯ ಶಾಖ ಹಿತವಾಗಿ ತಾಗುವಷ್ಟು ದೂರದಲ್ಲಿಡಿ. ಒಲೆಯ ನೇರ ಮೇಲೆ ಬೇಡ, ಹೊಗೆ ವಾಸನೆ ಹಿಡಿದರೆ ಬಿಡುವುದಿಲ್ಲ. ಬೆಳಗ್ಗೆ ಒಮ್ಮೆ ತಿರುವಿ ಹಾಕಿ. ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳ, ಜಡಿಮಳೆಯಲ್ಲಿ ದಪ್ಪ ಉಣ್ಣೆ ಒಣಗಲು 2–3 ದಿನ ಹಿಡಿದರೂ ಗಾಬರಿಯಾಗಬೇಡಿ. ಉಣ್ಣೆಯನ್ನು ವಾರವಾರ ತೊಳೆಯಬೇಕಿಲ್ಲ. ಹೊಳವಾದ ದಿನ ಜಗಲಿಯಲ್ಲಿ ಗಾಳಿಗೆ ಹಾಕಿದರೆ ಎಷ್ಟೋ ಸಾಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆದರೆ ಧಾರಾಳ ಆಯಿತು.

ನೀವು ಕುಶಾಲನಗರದ ಕಡೆಯವರಾಗಿದ್ದರೆ ಇಷ್ಟೆಲ್ಲ ಹೇಳುತ್ತಿರಲಿಲ್ಲ. ಅಲ್ಲಿ ಮಳೆ ತೀರಾ ಕಡಿಮೆ, ಬಿಸಿಲೂ ಇಣುಕುತ್ತಿರುತ್ತದೆ. ಭಾಗಮಂಡಲ, ಗಾಳಿಬೀಡು ಕಡೆಯವರಿಗೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಜಾಸ್ತಿಯಲ್ಲ.

ಹಾಗಾದರೆ ಅಕ್ರಿಲಿಕ್ ಬೇಡವೇ ಬೇಡವಾ? ಹಾಗಲ್ಲ. ಸೌದೆ ಒಲೆ ಇಲ್ಲದ ಮನೆಗೆ, ಶಾಲೆಗೆ ಹೋಗುವ ಮಕ್ಕಳಿಗೆ ಅದು ಒಳ್ಳೆಯದೇ. ಮಕ್ಕಳು ಕೆಸರು ಮಾಡಿಕೊಂಡು ಬರುತ್ತಾರೆ, ದಿನ ಬಿಟ್ಟು ದಿನ ತೊಳೆಯಬೇಕು. ಅಕ್ರಿಲಿಕ್ ಫ್ಯಾನಿನ ಕೆಳಗೆ ಬೇಗ ಒಣಗುತ್ತದೆ. ನುಸಿ ತಿನ್ನುವುದಿಲ್ಲ. ಬೆಲೆ ಕಡಿಮೆ ಇರುವುದರಿಂದ ಮುಂದಿನ ವರ್ಷ ಚಿಕ್ಕದಾದರೂ ಬೇಸರವಿಲ್ಲ. ಆದರೆ ಬಿಸಿ ಹಂಡೆಯ ಮೇಲೆ ಹಾಕಿ ಒಣಗಿಸಬೇಡಿ, ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ. ಒಮ್ಮೆ ಶಾಖಕ್ಕೆ ಸೋತರೆ ಸ್ವೆಟರ್ ಜೋಲು ಬಿದ್ದು ಹಾಗೇ ಉಳಿಯುತ್ತದೆ.

ಹಸುಗೂಸಿಗೆ ಕುಲಾವಿ ಹೆಣೆಯುವುದಾದರೆ ಮೆತ್ತನೆ ಮೆರಿನೋ ಸುಮಾರು 50 ಗ್ರಾಂ ಸಾಕು. ರೋಮ ಉದುರುವ ದಾರ ಬೇಡ, ತೂತು ತೂತಿನ ವಿನ್ಯಾಸ ಬೇಡ. ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಒಂದು ಮಾತನ್ನು ದಯವಿಟ್ಟು ನೆನಪಿಡಿ: ಮಗುವಿನ ಉಡುಪಿನ ಜೊತೆ ನ್ಯಾಫ್ತಲಿನ್ ಗುಳಿಗೆ ಇಡಬೇಡಿ. ಜಿ6ಪಿಡಿ ಅನ್ನುವ, ರಕ್ತಕಣಗಳನ್ನು ಕಾಪಾಡುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಿಗೆ ಅದರ ಆವಿಯಿಂದ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಆ ಕೊರತೆ ಇರುವುದು ಮನೆಯವರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಕೆಲವರು ನಮ್ಮ ತೋಟದ ಕರಿಮೆಣಸನ್ನು ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿ ಇಡುತ್ತಾರೆ. ವಾಸನೆ ಚೆನ್ನಾಗಿರುತ್ತದೆ, ಆದರೆ ಒಳಗೆ ಆಗಲೇ ಇರುವ ಹುಳ ಸಾಯುವುದಿಲ್ಲ. ನುಸಿಗೆ ಬೇಕಾದದ್ದು ಬೆವರು, ಕೊಳೆ ಇರುವ ಉಣ್ಣೆ. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಡಿ. ಅನುಮಾನ ಇದ್ದರೆ ಆ ಚೀಲವನ್ನೇ ಒಂದು ವಾರ ಫ್ರೀಜರ್‌ನಲ್ಲಿಡಿ.

ತೋಟಕ್ಕೆ ಹೋಗುವ ಗಂಡಸರಿಗೆ ಉಣ್ಣೆ ಕಾಲುಚೀಲ ಹೆಣೆಯಬೇಕು ಅಂತ ಕೆಲವರು ಕೇಳುತ್ತಾರೆ. ಮನೆಯೊಳಗೆ ಹಾಕಿಕೊಳ್ಳಲು ಬಹಳ ಒಳ್ಳೆಯ ಉಡುಗೊರೆ, 100 ಗ್ರಾಂ ಸಾಕು. ಜಿಗಣೆ ತಡೆಯುತ್ತದೆ ಅಂತ ಮಾತ್ರ ನಂಬಬೇಡಿ. ಹೆಣಿಗೆಯ ಸಂದಿನಲ್ಲಿ ಜಿಗಣೆ ಆರಾಮಾಗಿ ತೂರುತ್ತದೆ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಚೀಲವೇ ಬೇಕು.

ಈಗ ಅತ್ತೆಯ ಸ್ವೆಟರಿಗೆ ಲೆಕ್ಕ. ಪೂರ್ತಿ ತೋಳಿನ, ಮುಂದೆ ಗುಂಡಿ ಇರುವ ಸ್ವೆಟರಿಗೆ ಡಬಲ್ ನಿಟ್ ಅನ್ನುವ ಮಧ್ಯಮ ದಪ್ಪದ ಉಣ್ಣೆ ಸುಮಾರು 500 ಗ್ರಾಂ ಬೇಕು. ತಲೆಯ ಮೇಲಿಂದ ಹಾಕುವಂಥದ್ದು ಬೇಡ. ಈ ವಯಸ್ಸಿನಲ್ಲಿ ಭುಜ ಹಿಡಿದುಕೊಂಡರೆ ಕೈ ಮೇಲೆತ್ತುವುದು ಕಷ್ಟ. ಗುಂಡಿ ದೊಡ್ಡದಿರಲಿ. ಎಲ್ಲ ಉಂಡೆಯ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆ ಕೊಡುವ ನಂಬರ್, ಒಂದೇ ಇದೆಯಾ ಅಂತ ಅಂಗಡಿಯಲ್ಲೇ ನೋಡಿ, ಒಂದು ಉಂಡೆ ಜಾಸ್ತಿಯೇ ತನ್ನಿ. ಆಮೇಲೆ ಅದೇ ಬಣ್ಣ ಸಿಗುವುದಿಲ್ಲ. ಕಡ್ಡಿ 4 ಮಿಲಿಮೀಟರ್‌ದು. ನಮ್ಮ ಹಳೇ ಕಡ್ಡಿಗಳ ಮೇಲೆ 8 ಅಂತ ಇರುವುದು ಅದೇ. ಪಟ್ಟಿಗಳಿಗೆ 10ರ ಕಡ್ಡಿ, ಅಂದರೆ 3.25 ಮಿಲಿಮೀಟರ್. ಈ ಹಳೇ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಹೊಸಬರು ಇಲ್ಲೇ ತಪ್ಪುತ್ತಾರೆ.

ಅತ್ತೆ ಕೊಡವ ಸೀರೆ ಉಡುವವರಾದರೆ ಎರಡು ಕಡೆ ಗಮನ ಕೊಡಿ. ನೆರಿಗೆ ಹಿಂದೆ ಬರುವುದರಿಂದ ಸ್ವೆಟರಿನ ಬೆನ್ನು ಸೊಂಟದ ಹತ್ತಿರವೇ ನಿಲ್ಲಲಿ, ಉದ್ದವಾದರೆ ನೆರಿಗೆಯ ಮೇಲೆ ಉಬ್ಬಿ ನಿಲ್ಲುತ್ತದೆ. ಸೆರಗು ಬಲ ಭುಜದ ಮೇಲೆ ಕೂರುತ್ತದೆ, ಪಿನ್ನಿಗೆ ದಾರ ಸಿಕ್ಕಬಾರದು. ಹಾಗಾಗಿ ಭುಜ, ಕಂಕುಳು ಸ್ವಲ್ಪ ಸಡಿಲ ಬಿಡಿ. ಗೊತ್ತಾಗದ ಹಾಗೆ ಅಳತೆ ತಗೊಳ್ಳಬೇಕು ಅಂದರೆ ಅವರು ದಿನಾ ಹಾಕುವ ಹಳೇ ಸ್ವೆಟರನ್ನು ಮಂಚದ ಮೇಲೆ ಹರಡಿ ಟೇಪ್ ಹಿಡಿಯಿರಿ.

ಮೊದಲು ಒಂದು ಅಂಗೈ ಅಗಲದ ತುಂಡು ಹೆಣೆದು, ತೊಳೆದು, ನಿಮ್ಮ ಒಲೆಯ ಹತ್ತಿರವೇ ಒಣಗಿಸಿ. ಕುಗ್ಗಿತಾ, ಜಗ್ಗಿತಾ, ಎಷ್ಟು ದಿನಕ್ಕೆ ಒಣಗಿತು, ಎಲ್ಲ ಅದೇ ಹೇಳುತ್ತದೆ. ಆ ತುಂಡನ್ನು ಬಿಸಾಡಬೇಡಿ. ನವೆಂಬರ್–ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಶುರು ಮಾಡಿದರೆ, ದಿನಕ್ಕೆ ಒಂದು ಗಂಟೆ ಕೂತರೂ ಮೇ ಮುಗಿಯುವುದರೊಳಗೆ ಕೈಗೆ ಬರುತ್ತದೆ. ಕೊಡುವಾಗ ಆ ತುಂಡು, ಉಳಿದ ಉಂಡೆ, ಒಂದು ಗುಂಡಿ ಮೂರನ್ನೂ ಚಿಕ್ಕ ಚೀಲದಲ್ಲಿ ಹಾಕಿ ಅತ್ತೆಯ ಬೀರುವಿನಲ್ಲಿಡಿ. ಮೊದಲು ಸವೆಯುವುದು ಬಲ ಮೊಣಕೈ. ಅಲ್ಲಿ ತೇಪೆ ಹಾಕಲು ಅದೇ ಬಣ್ಣದ ದಾರ ಬೇಕಾಗುತ್ತದೆ.