ಅಂತರ್ಜಲದ ವಿಷವನ್ನು ಉಸಿರಾಡುವ ಬ್ಯಾಕ್ಟೀರಿಯ

ಕೆಟ್ಟ ನೀರಿಗೆ ಒಂದು ಡಬ್ಬಿ ‘ಜೈವಿಕ ಪುಡಿ’ ಸುರಿದರೆ ಸಾಕು, ಬ್ಯಾಕ್ಟೀರಿಯ ವಿಷವನ್ನೆಲ್ಲ ತಿಂದು ಮುಗಿಸುತ್ತದೆ ಎನ್ನುವ ನಂಬಿಕೆಗೂ ಮಂತ್ರಿಸಿದ ನೀರಿನ ನಂಬಿಕೆಗೂ ಹೆಚ್ಚು ದೂರವಿಲ್ಲ. ಜೈವಿಕ ಶುದ್ಧೀಕರಣ ಸುಳ್ಳಲ್ಲ. ಆದರೆ ಅದರ ಅತಿ ಸೊಗಸಾದ ಉದಾಹರಣೆಯಲ್ಲಿ ಬ್ಯಾಕ್ಟೀರಿಯ ವಿಷವನ್ನು ತಿನ್ನುವುದೇ ಇಲ್ಲ, ಉಸಿರಾಡುತ್ತದೆ.

ಇಲ್ಲಿ ವಿಷವೆಂದರೆ ಡ್ರೈಕ್ಲೀನಿಂಗ್‌ಗೆ ಬಳಸುವ ಪಿಸಿಇ, ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟಿಸಿಇ ಎಂಬ, ಕ್ಲೋರಿನ್ ಹೊತ್ತ ದ್ರಾವಕಗಳು. ಎರಡೂ ನೀರಿಗಿಂತ ಭಾರ. ಒಂದು ಲೀಟರ್ ಟಿಸಿಇ 1.46 ಕೆ.ಜಿ. ತೂಗುತ್ತದೆ. ಪೆಟ್ರೋಲಿನಂತೆ ತೇಲದೆ ಜಲಸ್ತರದ ತಳಕ್ಕಿಳಿದು, ದಶಕಗಟ್ಟಲೆ ಚೂರುಚೂರೇ ಕರಗುತ್ತಿರುತ್ತವೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇವುಗಳ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ. ಲೆಕ್ಕ ಹಾಕಿದರೆ, ಒಂದೇ ಲೀಟರ್ ಟಿಸಿಇ 29 ಕೋಟಿ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತರಬಲ್ಲದು.

ನಾವು ಊಟದಿಂದ ಬಂದ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ. ಡಿಹ್ಯಾಲೊಕೊಕಾಯ್ಡಿಸ್ ಎಂಬ ಬ್ಯಾಕ್ಟೀರಿಯ ಜಲಜನಕದಿಂದ ಎಲೆಕ್ಟ್ರಾನ್ ಪಡೆದು ಕ್ಲೋರಿನ್ ಹೊತ್ತ ಅಣುವಿಗೆ ದಾಟಿಸುತ್ತದೆ. ಹಾಗೆ ದಾಟಿಸಿದಾಗಲೆಲ್ಲ ಒಂದು ಕ್ಲೋರಿನ್ ಕಳಚಿ, ಅಲ್ಲಿ ಜಲಜನಕ ಕೂರುತ್ತದೆ. ನಾಲ್ಕು ಕ್ಲೋರಿನ್ನಿನ ಪಿಸಿಇ ಮೂರರ ಟಿಸಿಇ ಆಗುತ್ತದೆ. ಆಮೇಲೆ ಎರಡರ ಡಿಸಿಇ, ಒಂದರ ವಿನೈಲ್ ಕ್ಲೋರೈಡ್, ಕೊನೆಗೆ ಎಥಿಲೀನ್. ಮಾವು, ಬಾಳೆ ಹಣ್ಣಾಗುವಾಗ ಬಿಡುವ ಅನಿಲವೇ ಅದು.

1985ರಲ್ಲಿ ವಿಜ್ಞಾನಿಗಳಾದ ವೋಗೆಲ್ ಮತ್ತು ಮೆಕಾರ್ಟಿ ಪಿಸಿಇ ವಿನೈಲ್ ಕ್ಲೋರೈಡ್‌ವರೆಗೆ ಇಳಿಯುವುದನ್ನು ತೋರಿಸಿದಾಗ ಅದು ಸಿಹಿ ಸುದ್ದಿಯೇನೂ ಆಗಿರಲಿಲ್ಲ. ವಿನೈಲ್ ಕ್ಲೋರೈಡ್ ಖಚಿತ ಕ್ಯಾನ್ಸರ್‌ಕಾರಕ. ಅದರ ಮಿತಿ ಇನ್ನೂ ಬಿಗಿ, ಲೀಟರಿಗೆ 2 ಮೈಕ್ರೊಗ್ರಾಂ. ಎಥಿಲೀನ್‌ವರೆಗೂ ಹೋಗಬಹುದೆಂದು 1989ರಲ್ಲಿ ಫ್ರೀಡ್‌ಮನ್ ಮತ್ತು ಗಾಸೆಟ್ ತೋರಿಸಿದರು. ಆ ದಾರಿಯುದ್ದಕ್ಕೂ ಇಳಿಯುವ ಜೀವಿ, ಅಂದರೆ ಡಿಹ್ಯಾಲೊಕೊಕಾಯ್ಡಿಸ್, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುದ್ಧ ರೂಪದಲ್ಲಿ ಸಿಕ್ಕಿದ್ದು 1997ರಲ್ಲಿ, ಇಥಾಕಾ ಊರಿನ ಚರಂಡಿ ನೀರಿನ ಕೆಸರಿನಿಂದ! 2013ರಲ್ಲಿ ಮೆಕಾರ್ಟಿಯವರ ಹೆಸರನ್ನೇ ಆ ಪ್ರಭೇದಕ್ಕೆ ಇಟ್ಟರು.

ಮೊದಲ ಎರಡು ಮೆಟ್ಟಿಲು ಇಳಿಯುವ ಬ್ಯಾಕ್ಟೀರಿಯಗಳು ಬೇಕಾದಷ್ಟಿವೆ. ವಿನೈಲ್ ಕ್ಲೋರೈಡನ್ನು ದಾಟಿಸುವವು ಬಲು ಅಪರೂಪ. ಡಿಹ್ಯಾಲೊಕೊಕಾಯ್ಡಿಸ್‌ನಲ್ಲೂ ಅದಕ್ಕೆ ಬೇಕಾದ ವಂಶವಾಹಿ ಇರುವ ತಳಿಗಳೇ ಆಗಬೇಕು. ಟೆಕ್ಸಸ್‌ನ ಕೆಲ್ಲಿ ವಾಯುನೆಲೆಯ ಪ್ರಯೋಗದಲ್ಲಿ ನೆಲದ ಬ್ಯಾಕ್ಟೀರಿಯಗಳಿಗೆ ಮೇವಾಗಿ ಮೆಥನಾಲ್ ಮತ್ತು ಅಸಿಟೇಟ್ ಮಾತ್ರ ಉಣಿಸಿದ ಜಾಗಗಳಲ್ಲಿ ಕೆಲಸ ಡಿಸಿಇಗೇ ನಿಂತಿತು. ಇನ್ನೊಂದು ಜಾಗಕ್ಕೆ ಡಿಹ್ಯಾಲೊಕೊಕಾಯ್ಡಿಸ್ ಸೇರಿದಂತೆ ಹಲವು ಬ್ಯಾಕ್ಟೀರಿಯಗಳನ್ನು ಒಟ್ಟಿಗೆ ಬೆಳೆಸಿದ ಕೆಬಿ-1 ಎಂಬ ದ್ರವವನ್ನು ಕೇವಲ 13 ಲೀಟರ್ ಇಳಿಸಿದರು. 200 ದಿನಗಳೊಳಗೆ ಪಿಸಿಇ, ಟಿಸಿಇ, ಡಿಸಿಇ ಮೂರೂ 5 ಮೈಕ್ರೊಗ್ರಾಂಗಿಂತ ಕೆಳಗಿಳಿದವು.

ಹಾಗಾದರೆ ಮೇವು ಹೆಚ್ಚು ಸುರಿದರೆ ಬೇಗ ಆಗುತ್ತದೆಯೇ? ಇಲ್ಲ. ಕಾಕಂಬಿ ಸುರಿದರೆ ಅದು ಹುಳಿತು ಒಮ್ಮೆಲೇ ಜಲಜನಕ ಉಕ್ಕುತ್ತದೆ, ಅದನ್ನು ಮೀಥೇನ್ ಮಾಡುವ ಜೀವಿಗಳು ದೋಚುತ್ತವೆ. ಆದರೆ ಜಲಜನಕ ಸುಮಾರು 10 ನ್ಯಾನೊಮೋಲಾರ್ ಎಂಬ ಅತ್ಯಲ್ಪ ಸಾಂದ್ರತೆಗಿಂತ ಕೆಳಗಿಳಿದರೆ ಅವಕ್ಕೆ ಬದುಕಿಲ್ಲ. ಡಿಹ್ಯಾಲೊಕೊಕಾಯ್ಡಿಸ್‌ಗೆ 2ರ ಆಸುಪಾಸಿದ್ದರೂ ನಡೆಯುತ್ತದೆ. ಹುಲ್ಲು ತೆಳುವಾದಾಗ ಎಮ್ಮೆ ಹಸಿದರೂ ಕುರಿ ಬುಡ ಕಚ್ಚಿ ಮೇಯುವಂತೆ. ಅದಕ್ಕೇ ನೀರಿನಲ್ಲಿ ಹಾಲಿನಂತೆ ಕಡೆದ ಸೋಯಾ ಎಣ್ಣೆ ಬಳಸುತ್ತಾರೆ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ, ಜಿನುಗಿಸಿದಂತೆ ಜಲಜನಕ ಕೊಡುತ್ತದೆ.

ಕೆಡುವ ದಾರಿಗಳೂ ಕಮ್ಮಿಯಿಲ್ಲ. ಆಮ್ಲಜನಕ ಈ ಜೀವಿಗೆ ವಿಷ. ಮೊದಲು ಮೇವು ಹಾಕಿ, ಜಲಸ್ತರದ ಆಮ್ಲಜನಕ ಪೂರ್ತಿ ತೀರಿದ ಮೇಲಷ್ಟೇ ಬೆಳೆಸಿದ ಬ್ಯಾಕ್ಟೀರಿಯದ ದ್ರವವನ್ನು ಗಾಳಿ ತಾಗದಂತೆ, ಆರ್ಗಾನ್ ಅಥವಾ ಸಾರಜನಕದ ಒತ್ತಡದಲ್ಲಿ ಕೊಳವೆಗೆ ತಳ್ಳಬೇಕು. ಕಳಚಿದ ಪ್ರತಿ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಮೇವು ಹುಳಿಯುವಾಗಿನ ಆಮ್ಲವೂ ಸೇರಿ ಪಿಎಚ್ 6ಕ್ಕಿಂತ ಇಳಿದರೆ ಕೆಲಸ ನಿಂತೇಹೋಗುತ್ತದೆ, ಆಗ ಸೋಡಿಯಂ ಬೈಕಾರ್ಬನೇಟ್ ಕೂಡಿಸಬೇಕು. ಸಲ್ಫೇಟ್ ಹೆಚ್ಚಿದ್ದಲ್ಲಿ ಜಲಜನಕಕ್ಕೆ ಇನ್ನೊಬ್ಬ ಪಾಲುದಾರ, ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯ, ಹುಟ್ಟುತ್ತಾನೆ. ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಕೆಲವೊಮ್ಮೆ ಆರ್ಸೆನಿಕ್ ಕೂಡ ನೀರಿಗಿಳಿಯಬಹುದು. ದಕ್ಷಿಣ ಕರ್ನಾಟಕದಂಥ ಗಟ್ಟಿ ಬಂಡೆಯ ನೆಲದಲ್ಲಂತೂ ನೀರು ಬಿರುಕುಗಳಲ್ಲೇ ಓಡುವುದರಿಂದ, ಹಾಕಿದ ಮೇವು ವಿಷವಿರುವ ಬಿರುಕಿಗೇ ತಲುಪುತ್ತದೆಂಬ ಭರವಸೆಯಿಲ್ಲ.

ಪ್ರಯೋಗಾಲಯದ ವರದಿಯನ್ನು ಮಿಲಿಗ್ರಾಂನಲ್ಲಿ ಓದಿ ಬೀಗುವವರಿದ್ದಾರೆ. 166 ಮಿಲಿಗ್ರಾಂ ಪಿಸಿಇ ಪೂರ್ತಿ ಡಿಸಿಇ ಆದರೆ 97 ಮಿಲಿಗ್ರಾಂ ಆಗುತ್ತದೆ. ಒಂದು ಅಣುವೂ ಶುದ್ಧವಾಗದೆ ‘ಮಾಲಿನ್ಯ ಶೇ 42 ಇಳಿದಿದೆ’ ಎಂದು ಕಾಣುತ್ತದೆ. ಲೆಕ್ಕ ತೂಕದಲ್ಲಲ್ಲ, ಅಣುಗಳ ಸಂಖ್ಯೆಯನ್ನು ಎಣಿಸುವ ಮೋಲ್‌ಗಳಲ್ಲಿರಬೇಕು, ಅದರಲ್ಲಿ ಎಥಿಲೀನ್‌ನ ಸಾಲೂ ಇರಬೇಕು.