ಬೆದೆ ಮುಗಿದ ಮೇಲೆ ಬೇಗ ಬರಿದಾಗುವ ನೀರಿನ ಬಟ್ಟಲು

ಸಂತಾನಹರಣ ಮಾಡಿಸದ ಹೆಣ್ಣುನಾಯಿ ಊಟ ಬಿಟ್ಟು ಮಂಕಾಗಿ ಮಲಗಿದೆಯೇ? ಹಾಗಿದ್ದರೆ ಮೊದಲು ಲೆಕ್ಕ ಹಾಕಬೇಕಾದದ್ದು, ಅದು ಕಳೆದ ಸಲ ಬೆದೆಗೆ ಬಂದು ಎಷ್ಟು ವಾರವಾಯಿತು ಎಂದು. ನಾಲ್ಕರಿಂದ ಎಂಟು ವಾರ ಆಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರುವ ಅನುಮಾನ ಬಲವಾಗುತ್ತದೆ. ಈ ಕಾಯಿಲೆಯೇ ಪಯೋಮೆಟ್ರಾ.

ನಾಯಿಗಳಲ್ಲಿ ಗರ್ಭ ನಿಲ್ಲಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನಿನ ಮಟ್ಟ ಏರಿಯೇ ಇರುತ್ತದೆ. ಅದರ ಪ್ರಭಾವಕ್ಕೆ ಗರ್ಭಕೋಶದ ಒಳಪದರ ದಪ್ಪಗಾಗಿ ದ್ರವ ಸ್ರವಿಸುತ್ತದೆ, ಸ್ನಾಯುಗಳ ಹಿಂಡುವಿಕೆ ತಗ್ಗುತ್ತದೆ. ಬೆದೆಯ ಹೊತ್ತಿನಲ್ಲಿ ಯೋನಿಮಾರ್ಗದಿಂದ ಒಳಸೇರಿದ ಬ್ಯಾಕ್ಟೀರಿಯಾಗಳು, ಹೆಚ್ಚಾಗಿ ಇ. ಕೋಲಿ, ಅಲ್ಲೇ ಬೆಳೆಯುತ್ತವೆ.

ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಬಂದು ಬಾಲದಡಿಯ ಕೂದಲಿಗೆ ಅಂಟುತ್ತದೆ. ಮುಚ್ಚಿದ್ದರೆ ಹೊರಗೆ ಹನಿಯೂ ಕಾಣದು. ಹೆಚ್ಚು ಅಪಾಯ ಇದರಲ್ಲೇ, ಮನೆಯವರು ಮೋಸ ಹೋಗುವುದೂ ಇಲ್ಲೇ. ಆಗ ನೀರಿನ ಬಟ್ಟಲನ್ನು ನೋಡಬೇಕು. ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡದ ನೀರು ಹಿಡಿದಿಡುವ ಶಕ್ತಿಯನ್ನು ಕುಂದಿಸುವುದರಿಂದ ನಾಯಿ ಪದೇ ಪದೇ ಉಚ್ಚೆ ಹೊಯ್ದು, ಪದೇ ಪದೇ ನೀರು ಕುಡಿಯುತ್ತದೆ. ಬಟ್ಟಲಿಗೆ ಅಳೆದು ಸುರಿದು, 24 ಗಂಟೆಯ ಬಳಿಕ ಉಳಿದದ್ದನ್ನು ಕಳೆಯಿರಿ. ದೇಹತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ ಅದು ಅತಿಯೇ; ಹತ್ತು ಕಿಲೋ ನಾಯಿಗೆ ಒಂದು ಲೀಟರ್. ನಾಯಿ ಸುಸ್ತಾಗಿದ್ದರೆ ಮಾತ್ರ ಈ ಅಳತೆಗೆಂದು ಒಂದು ದಿನ ಕಾಯುವುದು ಬೇಡ. ಜ್ವರವಿಲ್ಲವೆಂದು ನಿರಾಳವಾಗುವಂತೆಯೂ ಇಲ್ಲ, ಎಷ್ಟೋ ನಾಯಿಗಳಿಗೆ ಜ್ವರವೇ ಬರುವುದಿಲ್ಲ.

ಹೊಟ್ಟೆಯನ್ನು ಜೋರಾಗಿ ಒತ್ತಿ ನೋಡಬಾರದು, ಬಿಗಿದ ಗರ್ಭಕೋಶ ಒಡೆದೀತು. ಮೂತ್ರದ ಮಾದರಿಗೆಂದು ಅಲ್ಟ್ರಾಸೌಂಡ್ ಸ್ಕ್ಯಾನ್ ನೋಡದೆ ಹೊಟ್ಟೆಗೆ ಸೂಜಿ ಚುಚ್ಚುವುದೂ ಅಷ್ಟೇ ಅಪಾಯ. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳು ಸಾಮಾನ್ಯವಾಗಿ ಏರಿರುತ್ತವೆ; ಸಂಖ್ಯೆ ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು, ತೀರಾ ಕುಸಿದಿದ್ದರೆ ಸೋಂಕು ರಕ್ತಕ್ಕೆ ಹರಡಿರುವ ಸೂಚನೆಯೂ ಆಗಿರಬಹುದು. ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆಯೆಂದು ನೋಡಿದರೆ ಮೂತ್ರಪಿಂಡದ ಸ್ಥಿತಿ ತಿಳಿಯುತ್ತದೆ.

ಗೊಂದಲ ಬಿಡಿಸುವುದು ಅಲ್ಟ್ರಾಸೌಂಡ್. ದ್ರವ ತುಂಬಿ ಕೊಳವೆಯಂತೆ ಉಬ್ಬಿದ ಗರ್ಭಕೋಶದ ಕವಲುಗಳು ಅದರಲ್ಲಿ ಕಾಣುತ್ತವೆ. ಎಕ್ಸ್-ರೇಯಲ್ಲಿ ಉಬ್ಬು ಕಂಡರೂ, ಮರಿಗಳ ಮೂಳೆ ಗಟ್ಟಿಯಾಗುವ, ಬಸಿರಿನ ಸುಮಾರು 45ನೇ ದಿನದವರೆಗೆ ಅದು ಬಸಿರೋ ಕೀವೋ ಹೇಳಲಾಗದು. ಸ್ಕ್ಯಾನ್‌ನಲ್ಲಾದರೆ ಸುಮಾರು 25ನೇ ದಿನಕ್ಕೇ ಮರಿಯ ಎದೆಬಡಿತ ಸಿಗುತ್ತದೆ.

ಗರ್ಭಕೋಶದ ಹೊರಗೂ ದ್ರವ ಕಂಡರೆ ಅದರ ಸ್ವಲ್ಪ ಭಾಗವನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಬಿಳಿ ಕಣಗಳ ಒಳಗೇ ಬ್ಯಾಕ್ಟೀರಿಯಾ ಕಂಡರೆ ಸೋಂಕು ಹೊಟ್ಟೆಯ ಪೊರೆಗೆ ತಗುಲಿದೆ ಎಂದರ್ಥ. ಆಗ ಡ್ರಿಪ್ ಮತ್ತು ಆಂಟಿಬಯಾಟಿಕ್ ಕೊಟ್ಟು ನಾಯಿ ಸ್ವಲ್ಪ ಚೇತರಿಸಿಕೊಳ್ಳುವಂತೆ ಮಾಡಿ, ತಡಮಾಡದೆ ಆಪರೇಷನ್‌ಗೆ ಒಯ್ಯಬೇಕು.